ಇಲ್ಲದ ಮತಗಟ್ಟೆಯ ಮತಗಳು

ಮತ ಎಣಿಕೆಯ ದಿನ ಟಿವಿ ಮುಂದೆ ಕೂತರೆ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿರುತ್ತದೆ. ಪರದೆಯ ಮೇಲೆ ಓಡುವ ಈ ಅಂಕಿ ಎಲ್ಲಿಂದ ಹೊರಟು ಬಂತು? ಯಾರ ಕೈಯಲ್ಲಿತ್ತು? ದಾರಿಯಲ್ಲಿ ಯಾರೆಲ್ಲ ಅದನ್ನು ನೋಡಿದರು? ಐವತ್ತು ಸಾವಿರ ಮತಗಳ ಅಂತರದಲ್ಲಿ ಒಬ್ಬರು ಗೆದ್ದುಬಿಟ್ಟರೆ ಈ ಪ್ರಶ್ನೆ ಯಾರಿಗೂ ಬೇಕಾಗುವುದಿಲ್ಲ. ಪಟಾಕಿ ಹೊಡೆದು ಎಲ್ಲರೂ ಮನೆಗೆ ಹೋಗುತ್ತಾರೆ. ಅಂತರ ನೂರು ಇನ್ನೂರಕ್ಕೆ ಇಳಿದಾಗ ಮಾತ್ರ ಪ್ರತಿ ಮತಗಟ್ಟೆಯ ಕಾಗದವೂ ಹೊರಗೆ ಬರುತ್ತದೆ. ಯಾರು ಬರೆದರು, ಯಾರು ಸಹಿ ಹಾಕಿದರು ಅಂತ ಆಗ ಕೇಳುತ್ತಾರೆ. ನಾನು ಸರ್ಕಾರಿ ಶಾಲೆಯ ಮೇಷ್ಟ್ರು. ಚುನಾವಣಾ ಡ್ಯೂಟಿ ಮಾಡಿದವನು. ಆದ್ದರಿಂದ ಈ ಪ್ರಶ್ನೆ ನನಗೆ ಸುಮ್ನೆ ಹುಟ್ಟಿದ್ದಲ್ಲ.

ಇದೇ ಪ್ರಶ್ನೆಯ ಬೆನ್ನು ಹತ್ತಿ ಹಳೆಯ ಚುನಾವಣೆಗಳ ಬಗ್ಗೆ ಓದುವಾಗ ಸಿಕ್ಕಿದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1855ರಲ್ಲಿ ನಡೆದ ಗವರ್ನರ್ ಚುನಾವಣೆ. ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರ ಹಾಗಲ್ಲ. ಜನ ನೇರವಾಗಿ ಆರಿಸುವ, ಸರ್ಕಾರ ನಡೆಸುವ ಮನುಷ್ಯ. ಇಬ್ಬರು ಅಭ್ಯರ್ಥಿಗಳು, 157 ಮತಗಳ ಅಂತರ, ಒಂದೇ ದಿನ ಇಬ್ಬರೂ ಪ್ರಮಾಣವಚನ, ಕೊನೆಗೆ ಕೋರ್ಟು. ಮೊದಲ ಸಲ ಓದಿದಾಗ ಒಳ್ಳೆಯ ಕಥೆ ಅನ್ನಿಸಿತು. ಆಮೇಲೆ ಅದರ ಮುಂದಿನದು, ಹಿಂದಿನದು ಓದಿದೆ. ಅಲ್ಲಿಂದ ಅದು ನನ್ನನ್ನು ಬಿಟ್ಟಿಲ್ಲ.

ಒಂದೇ ದಿನ ಇಬ್ಬರು ಗವರ್ನರ್‌ಗಳು

ವಿಸ್ಕಾನ್ಸಿನ್ ಆಗ ಹೊಸ ರಾಜ್ಯ. ಒಕ್ಕೂಟಕ್ಕೆ ಸೇರಿ ಏಳೇ ವರ್ಷ ಆಗಿತ್ತು. ದಕ್ಷಿಣದಲ್ಲಿ ಹೊಲಗಳು, ಪಟ್ಟಣಗಳು. ಉತ್ತರದಲ್ಲಿ ಬರೀ ಕಾಡು, ಮರ ಕಡಿಯುವವರ ಬಿಡಾರಗಳು, ಅಲ್ಲೊಂದು ಇಲ್ಲೊಂದು ಊರು. ಅಧಿಕಾರದಲ್ಲಿದ್ದವನು ಡೆಮಾಕ್ರಟಿಕ್ ಪಕ್ಷದ ವಿಲಿಯಂ ಬಾರ್‌ಸ್ಟೋ. ಅವನ ಆಡಳಿತದ ಮೇಲೆ ಭ್ರಷ್ಟಾಚಾರದ ಆರೋಪಗಳು ದಟ್ಟವಾಗಿದ್ದವು. ಆದರೆ ಆ ವರ್ಷ ಶಾಸನಸಭೆ ತಂದ ಪಾನನಿಷೇಧದ ಮಸೂದೆಯನ್ನು ಅವನು ತಡೆಹಿಡಿದಿದ್ದ. ಬಿಯರ್ ಇಲ್ಲದ ಭಾನುವಾರವನ್ನು ಊಹಿಸಲಾರದ ಜರ್ಮನ್ ವಲಸಿಗರು ಹಾಗಾಗಿ ಅವನ ಜೊತೆಗಿದ್ದರು. ಎದುರಿಗೆ ನಿಂತವನು ಆಶ್‌ಕಾಶ್ ಊರಿನ ವಕೀಲ ಕೋಲ್ಸ್ ಬ್ಯಾಶ್‌ಫರ್ಡ್. ಅವನ ರಿಪಬ್ಲಿಕನ್ ಪಕ್ಷ ಹುಟ್ಟಿ ವರ್ಷ ಒಂದೂವರೆ ಆಗಿತ್ತು ಅಷ್ಟೆ. ಗುಲಾಮಗಿರಿ ಹೊಸ ನೆಲಕ್ಕೆ ಹರಡಬಾರದು ಅನ್ನುವ ಸಿಟ್ಟಿನಿಂದ ಹುಟ್ಟಿದ ಪಕ್ಷ ಅದು. ಅದರ ಮೊದಲ ಸಭೆಗಳಲ್ಲಿ ಒಂದು ನಡೆದದ್ದೇ ವಿಸ್ಕಾನ್ಸಿನ್‌ನ ರಿಪನ್ ಎಂಬ ಸಣ್ಣ ಊರಲ್ಲಿ, 1854ರಲ್ಲಿ.

ನವೆಂಬರ್ 6ಕ್ಕೆ ಮತದಾನ ಮುಗಿಯಿತು. ಯಾರು ಗೆದ್ದರು ಅಂತ ವಾರಗಟ್ಟಲೆ ಗೊತ್ತಾಗಲಿಲ್ಲ. ಆ ಕಾಲದ ಪದ್ಧತಿ ಹೀಗಿತ್ತು: ಸರ್ಕಾರ ಮತಪತ್ರ ಅಚ್ಚು ಹಾಕುತ್ತಿರಲಿಲ್ಲ. ಆಯಾ ಪಕ್ಷದವರೇ ತಮ್ಮ ಅಭ್ಯರ್ಥಿಗಳ ಹೆಸರಿನ ಚೀಟಿ ಹಂಚುತ್ತಿದ್ದರು. ಜನ ಅದನ್ನೇ ಪೆಟ್ಟಿಗೆಗೆ ಹಾಕುತ್ತಿದ್ದರು. ಊರಿನ ಅಧಿಕಾರಿಗಳು ಎಣಿಸಿ ಒಂದು ಹಾಳೆಯಲ್ಲಿ ಲೆಕ್ಕ ಬರೆದು ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥದ್ದಕ್ಕೆ, ಕಳಿಸಬೇಕು. ಕೌಂಟಿಯವರು ಎಲ್ಲವನ್ನೂ ಕೂಡಿ ರಾಜಧಾನಿ ಮ್ಯಾಡಿಸನ್‌ಗೆ ಕಳಿಸಬೇಕು. ಅಲ್ಲಿ ಮೂವರ ಮಂಡಳಿ ಕೊನೆಯ ಲೆಕ್ಕ ಹೇಳಬೇಕು. ಆ ಮೂವರೂ ಬಾರ್‌ಸ್ಟೋನ ಪಕ್ಷದವರೇ. ಅಂತರ ಕಡಿಮೆ ಅಂತ ಗೊತ್ತಾದ ಮೇಲೆ ಉತ್ತರದ ಕಾಡಿನ ಕಡೆಯಿಂದ ತಡವಾಗಿ ಕೆಲವು ಪೂರಕ ಹಾಳೆಗಳು ಬಂದವು. ಆ ಹಾಳೆಗಳಲ್ಲಿ ಬಾರ್‌ಸ್ಟೋಗೆ ಬೇಕಾದಷ್ಟು ಮತಗಳಿದ್ದವು. ಡಿಸೆಂಬರ್‌ನಲ್ಲಿ ಮಂಡಳಿ ಘೋಷಿಸಿತು: ಬಾರ್‌ಸ್ಟೋಗೆ 36,355, ಬ್ಯಾಶ್‌ಫರ್ಡ್‌ಗೆ 36,198.

1856ರ ಜನವರಿ 7ರಂದು ಬಾರ್‌ಸ್ಟೋ ಮೆರವಣಿಗೆ, ಸೈನಿಕ ತುಕಡಿಗಳ ಸಮೇತ ಪ್ರಮಾಣವಚನ ತೆಗೆದುಕೊಂಡ. ಅದೇ ದಿನ ಅದೇ ಊರಿನಲ್ಲಿ, ಸುಪ್ರೀಂ ಕೋರ್ಟಿನ ಕೋಣೆಯಲ್ಲಿ, ಮುಖ್ಯ ನ್ಯಾಯಮೂರ್ತಿ ಎಡ್ವರ್ಡ್ ವೈಟನ್ ಎದುರು ಬ್ಯಾಶ್‌ಫರ್ಡ್ ಕೂಡ ಗವರ್ನರ್ ಆಗಿ ಪ್ರಮಾಣ ಮಾಡಿದ. ಗವರ್ನರ್ ಕಚೇರಿ ಬಾರ್‌ಸ್ಟೋನ ಕೈಯಲ್ಲೇ ಉಳಿಯಿತು. ಬ್ಯಾಶ್‌ಫರ್ಡ್ ಕೋರ್ಟಿಗೆ ಹೋದ. ಯಾವ ಅಧಿಕಾರದಿಂದ ಆ ಕುರ್ಚಿಯಲ್ಲಿ ಕೂತಿದ್ದೀಯ ಅಂತ ಒಬ್ಬ ಅಧಿಕಾರಸ್ಥನನ್ನು ನ್ಯಾಯಾಲಯ ನೇರವಾಗಿ ಕೇಳುವ ಮೊಕದ್ದಮೆ ಅದು, ಕೋ ವಾರಂಟೊ. ಇಂಗ್ಲೆಂಡಿನ ಹಳೆಯ ಕಾನೂನಿನಿಂದ ಅಮೆರಿಕಕ್ಕೂ ಬಂತು, ನಮಗೂ ಬಂತು. ನಮ್ಮ ಸಂವಿಧಾನದ 226ನೇ ವಿಧಿಯಲ್ಲಿ ಹೈಕೋರ್ಟುಗಳಿಗೆ ಕೊಟ್ಟಿರುವ ರಿಟ್‌ಗಳಲ್ಲಿ ಇದೂ ಒಂದು.

ಕಾಗದ ಹೇಳಿದ್ದು

ಬಾರ್‌ಸ್ಟೋನ ಕಡೆಯ ವಕೀಲರು ಎತ್ತಿದ ವಾದ ದೊಡ್ಡದೇ. ಗವರ್ನರ್ ಬೇರೆ ಅಂಗ, ನ್ಯಾಯಾಲಯ ಬೇರೆ ಅಂಗ, ಎರಡೂ ಸಮ. ಎಣಿಕೆ ಮಂಡಳಿ ಒಮ್ಮೆ ಪ್ರಮಾಣಪತ್ರ ಕೊಟ್ಟ ಮೇಲೆ ಅದನ್ನು ಕೆದಕುವ ಹಕ್ಕು ಕೋರ್ಟಿಗಿಲ್ಲ. ಈ ವಾದವನ್ನು ಒಪ್ಪಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಕುರ್ಚಿ ಹಿಡಿದವನೇ ಕುರ್ಚಿಯ ಒಡೆಯ. ಮೂವರು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಪ್ರಮಾಣಪತ್ರ ಗವರ್ನರ್‌ನನ್ನು ಮಾಡುವುದಿಲ್ಲ, ಮತಗಳು ಮಾಡುತ್ತವೆ ಅನ್ನುವುದು ಅವರ ನಿಲುವಿನ ತಿರುಳು. ಆಗ ಬಾರ್‌ಸ್ಟೋನ ವಕೀಲರು ಮೊಕದ್ದಮೆಯಿಂದಲೇ ಎದ್ದು ಹೊರಟುಹೋದರು. ಎದುರು ಪಕ್ಷವೇ ಇಲ್ಲ ಅಂದ ಮೇಲೆ ನ್ಯಾಯಾಲಯ ಅಲ್ಲಿಗೇ ತೀರ್ಪು ಬರೆದು ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಸಾಕ್ಷ್ಯ ತನ್ನಿ, ಒಂದೊಂದೇ ಹಾಳೆ ನೋಡುತ್ತೇವೆ ಅಂದಿತು. ಈ ಇಡೀ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾದ ಘಟ್ಟ ಇದು. ಗೆಲುವು ಕೈಗೆ ಬಂದಿದ್ದರೂ ಲೆಕ್ಕ ನೋಡದೆ ಕೊಡುವುದಿಲ್ಲ ಅನ್ನುವ ಹಟ.

ಲೆಕ್ಕ ನೋಡಿದಾಗ ಬಂಡವಾಳ ಬಯಲಾಯಿತು. ಸ್ಪ್ರಿಂಗ್ ಕ್ರೀಕ್, ಬ್ರಿಡ್ಜ್ ಕ್ರೀಕ್, ಗಿಲ್ಬರ್ಟ್ಸ್ ಮಿಲ್ಸ್ ಅಂತೆಲ್ಲ ಹೆಸರಿನ ಮತಗಟ್ಟೆಗಳಿಂದ ಬಂದ ಹಾಳೆಗಳು ಪ್ರಶ್ನೆಗೆ ಬಂದವು. ವಪಾಕಾ ಕೌಂಟಿಯಿಂದ ಬಂದ ಪೂರಕ ಲೆಕ್ಕವೂ ಬಂತು. ಜನ ಇಲ್ಲದ ಕಡೆ ಜನ ಮತ ಹಾಕಿದ್ದರು. ಮತಗಟ್ಟೆಯೇ ಇಲ್ಲದ ಕಡೆಯಿಂದ ಮತಗಟ್ಟೆಯ ಅಧಿಕಾರಿಗಳು ಸಹಿ ಹಾಕಿದ್ದರು. ದೂರದ ಕಾಡು ಅಲ್ವಾ, ಯಾರು ಹೋಗಿ ನೋಡುತ್ತಾರೆ ಅನ್ನುವ ಧೈರ್ಯ ಅದರ ಹಿಂದೆ ಇತ್ತು. ಸುಳ್ಳು ಹಾಳೆಗಳನ್ನು ತೆಗೆದುಹಾಕಿ ಲೆಕ್ಕ ಮಾಡಿದಾಗ ಬ್ಯಾಶ್‌ಫರ್ಡ್ 1,009 ಮತಗಳಿಂದ ಗೆದ್ದಿದ್ದ. 1856ರ ಮಾರ್ಚ್ 24ರಂದು ಮೂವರೂ ಒಂದೇ ದನಿಯಲ್ಲಿ ತೀರ್ಪು ಕೊಟ್ಟರು.

ಆ ನ್ಯಾಯಮೂರ್ತಿಗಳಲ್ಲಿ ಏಬ್ರಮ್ ಸ್ಮಿತ್ ಡೆಮಾಕ್ರಟಿಕ್ ಪಕ್ಷದಿಂದ ಬಂದವರು. ಬ್ಯಾಶ್‌ಫರ್ಡ್ ಪರ ವಾದ ಮಾಡಿದವರಲ್ಲಿ ಎಡ್ವರ್ಡ್ ರಯನ್ ಕೂಡ ಕಟ್ಟಾ ಡೆಮಾಕ್ರಟ್. ತನ್ನದೇ ಪಕ್ಷದ ಗವರ್ನರ್‌ನ ವಿರುದ್ಧ, ತಾನು ಒಪ್ಪದ ಪಕ್ಷದ ಅಭ್ಯರ್ಥಿಗಾಗಿ ನಿಂತ ಮನುಷ್ಯ. ರಯನ್‌ನ ಬೇರೆ ಅಭಿಪ್ರಾಯಗಳು ಎಷ್ಟೋ ನನಗೆ ಹಿಡಿಸುವುದಿಲ್ಲ. ಆದರೆ ನಮ್ಮವನು ಕದ್ದರೂ ಕಳ್ಳತನವೇ ಅಂತ ತುಂಬಿದ ಕೋರ್ಟಿನಲ್ಲಿ ಹೇಳುವುದು ಎಂಥ ಕಷ್ಟ ಅನ್ನುವುದನ್ನು ನಾವು ದಿನವೂ ನೋಡುತ್ತಿದ್ದೇವೆ. ಇಂದು ಯಾವ ಪಕ್ಷದ ಎಷ್ಟು ಜನ ಹಾಗೆ ಹೇಳಿಯಾರು?

ನಮ್ಮ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ನಾನು ಪಿಆರ್‌ಒ, ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿ, ಆಗಿದ್ದಾಗಿನ ಸಂಜೆ ಇಲ್ಲಿ ನೆನಪಾಗುತ್ತದೆ. ಆರು ಗಂಟೆಗೆ ಗೇಟು ಹಾಕಿ, ಸಾಲಿನಲ್ಲಿ ಉಳಿದವರಿಗೆ ಚೀಟಿ ಕೊಟ್ಟು, ಅವರೆಲ್ಲ ಮತ ಹಾಕಿದ ಮೇಲೆ ಮಷೀನಿನ ಕ್ಲೋಸ್ ಬಟನ್ ಒತ್ತಿದೆ. ಆಮೇಲೆ 17ಸಿ ಫಾರಂ ತುಂಬುವ ಕೆಲಸ. ಮಷೀನಿನಲ್ಲಿ ಎಷ್ಟು ಮತ ಬಿದ್ದಿದೆ ಅಂತ ಬರೆದು, ಬೂತ್ ಏಜೆಂಟರ ಸಹಿ ಪಡೆದು, ಅವರಿಗೊಂದು ಪ್ರತಿ ಕೊಡಬೇಕು. ಬೆಳಗಿನಿಂದ ಕೂತು ಎಲ್ಲರಿಗೂ ಸಾಕಾಗಿತ್ತು. ಒಬ್ಬ ಏಜೆಂಟ್ ಸಹಿ ಹಾಕಿ ಪ್ರತಿಯನ್ನು ನೋಡದೆಯೇ ಜೇಬಿಗೆ ತುರುಕಿಕೊಂಡ. ಇನ್ನೊಬ್ಬರು ವಯಸ್ಸಾದವರು, ಹೆಗಲ ಮೇಲೆ ಟವೆಲ್. ಬೆಳಗಿನಿಂದ ತಮ್ಮದೇ ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಾ ಬಂದಿದ್ದರು. "ಒಂದ್ ನಿಮಿಷ ತಡೀರಿ ಮೇಷ್ಟ್ರೇ" ಅಂತ ಹೇಳಿ, ಕನ್ನಡಕ ಏರಿಸಿಕೊಂಡು, ತಮ್ಮ ಗೀಟುಗಳನ್ನೆಲ್ಲ ಮತ್ತೆ ಎಣಿಸಿದರು. ಹೊರಗೆ ಬಸ್ಸಿನ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಮಷೀನು ವಾಪಸ್ ಒಪ್ಪಿಸುವ ಡಿಮಸ್ಟರಿಂಗ್ ಕೇಂದ್ರಕ್ಕೆ ತಡವಾಗುತ್ತದೆ ಅಂತ ನನ್ನ ಜೊತೆಗಿದ್ದವರಿಗೆ ಸಿಟ್ಟು. ಆ ಹಿರಿಯರು ಅವಸರ ಮಾಡಲಿಲ್ಲ. ಲೆಕ್ಕ ತಾಳೆಯಾಯಿತು. ಆಮೇಲೆಯೇ ಸಹಿ ಹಾಕಿ, ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿನಲ್ಲಿ ಇಟ್ಟುಕೊಂಡರು. ಸ್ಪ್ರಿಂಗ್ ಕ್ರೀಕ್‌ನಲ್ಲಿ ಇಂಥ ಒಬ್ಬರು ಕೂತಿದ್ದರೆ ಆ ಹಾಳೆ ಹುಟ್ಟುತ್ತಲೇ ಇರಲಿಲ್ಲ. ಆದರೆ ಕೂರಲು ಅಲ್ಲಿ ಮತಗಟ್ಟೆಯೇ ಇರಲಿಲ್ಲವಲ್ಲ.

ಕೋಟು ತೂಗುಹಾಕಿದ ಬೆಳಿಗ್ಗೆ

ತೀರ್ಪಿಗೆ ಮೂರು ದಿನ ಮುಂಚೆ, ಮಾರ್ಚ್ 21ಕ್ಕೆ, ಬಾರ್‌ಸ್ಟೋ ರಾಜೀನಾಮೆ ಕೊಟ್ಟ. ಸೋಲುವುದು ಖಚಿತ ಅಂತ ಗೊತ್ತಾಗಿತ್ತು. ಆದರೂ ಕುರ್ಚಿಯನ್ನು ಎದುರಾಳಿಗೆ ಬಿಡಲಿಲ್ಲ. ಲೆಫ್ಟಿನೆಂಟ್ ಗವರ್ನರ್ ಆರ್ಥರ್ ಮೆಕಾರ್ಥರ್ ಆ ಜಾಗದಲ್ಲಿ ಕೂತ. ಎರಡನೇ ಮಹಾಯುದ್ಧದ ಜನರಲ್ ಡಗ್ಲಸ್ ಮೆಕಾರ್ಥರ್ ಹೆಸರು ಕೇಳಿದ್ದೀರಲ್ಲ, ಅವನ ತಾತ ಈತ. ಗವರ್ನರ್ ಬಿಟ್ಟರೆ ಉತ್ತರಾಧಿಕಾರಿ ನಾನು ಅನ್ನುವುದು ಅವನ ವಾದ. ಬಾರ್‌ಸ್ಟೋಗೇ ಇಲ್ಲದ ಹಕ್ಕು ಅವನಿಂದ ನಿನಗೆ ಹೇಗೆ ಬಂತು ಅಂತ ಕೋರ್ಟು ಹೇಳಿತು.

ಮಾರ್ಚ್ 25ರ ಬೆಳಿಗ್ಗೆ ಬ್ಯಾಶ್‌ಫರ್ಡ್ ಡೇನ್ ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರೀಫ್‌ನನ್ನೂ ಬೆಂಬಲಿಗರನ್ನೂ ಕರೆದುಕೊಂಡು ಗವರ್ನರ್ ಕಚೇರಿಗೆ ಹೋದ. ಚಳಿಗಾಲದುದ್ದಕ್ಕೂ ಎರಡೂ ಕಡೆಯವರು ಆಯುಧಗಳ ಮಾತಾಡಿದ್ದರು. ಮ್ಯಾಡಿಸನ್‌ನಲ್ಲಿ ಗುಂಡು ಹಾರುತ್ತದೆ ಅಂತ ಎಲ್ಲರಿಗೂ ಭಯವಿತ್ತು. ಬ್ಯಾಶ್‌ಫರ್ಡ್ ಒಳಗೆ ಹೋಗಿ ತನ್ನ ಕೋಟು ಬಿಚ್ಚಿ ತೂಗುಹಾಕಿದ. ಕಚೇರಿಯನ್ನು ವಹಿಸಿಕೊಳ್ಳಲು ಬಂದಿದ್ದೇನೆ ಅಂದ. ಬಲಪ್ರಯೋಗ ಮಾಡುತ್ತೀರಾ ಅಂತ ಮೆಕಾರ್ಥರ್ ಕೇಳಿದ. ಬೇಕಾಗುವುದಿಲ್ಲ ಅಂದುಕೊಂಡಿದ್ದೇನೆ, ಬೇಕಾದರೆ ಮಾಡುತ್ತೇವೆ ಅನ್ನುವ ಅರ್ಥದ ಉತ್ತರ ಬಂತು. ಮೆಕಾರ್ಥರ್ ಎದ್ದು ಹೊರಟ. ಅಷ್ಟೇ. ಒಂದು ಗುಂಡೂ ಹಾರಲಿಲ್ಲ. ಸೆನೆಟ್ ತಕ್ಷಣ ಬ್ಯಾಶ್‌ಫರ್ಡ್‌ನನ್ನು ಒಪ್ಪಿತು. ಕೆಳಮನೆ ಸ್ವಲ್ಪ ಮುನಿಸು ತೋರಿಸಿ ಆಮೇಲೆ ಒಪ್ಪಿತು. ಐದೇ ವರ್ಷದಲ್ಲಿ ಆ ದೇಶ ಅಂತರ್ಯುದ್ಧಕ್ಕೆ ಬಿತ್ತು. ಅದನ್ನು ನೆನೆದರೆ ಮೆಕಾರ್ಥರ್ ಎದ್ದು ಹೋದದ್ದು ಸಣ್ಣ ವಿಷಯವಲ್ಲ. ಅವನ ಬಳಿಯೂ ಜನ ಇದ್ದರು.

ಕಥೆ ಇಲ್ಲಿಗೆ ನಿಂತಿದ್ದರೆ ನಾನು ಇದನ್ನು ಶಾಲೆಯಲ್ಲಿ ಮಕ್ಕಳಿಗೆ ಹೇಳಿ ಖುಷಿಪಡುತ್ತಿದ್ದೆ. ಅದೇ 1856ರಲ್ಲಿ ರೈಲು ಮಾರ್ಗ ಹಾಕಲು ಅಮೆರಿಕದ ಕಾಂಗ್ರೆಸ್ ವಿಸ್ಕಾನ್ಸಿನ್‌ಗೆ ಭಾರಿ ಭೂಮಿ ಕೊಟ್ಟಿತು. ಅದನ್ನು ಯಾವ ಕಂಪನಿಗೆ ಹಂಚಬೇಕು ಅನ್ನುವುದು ಶಾಸನಸಭೆ, ಗವರ್ನರ್ ಕೈಯಲ್ಲಿತ್ತು. ಲಾ ಕ್ರಾಸ್ ಅಂಡ್ ಮಿಲ್ವಾಕಿ ರೈಲ್‌ರೋಡ್ ಕಂಪನಿಯ ಬೈರನ್ ಕಿಲ್ಬರ್ನ್ ತನ್ನ ಕಂಪನಿಯ ಬಾಂಡುಗಳನ್ನು ಹಂಚಿದ. 13 ಸೆನೆಟರ್‌ಗಳು, 59 ಮಂದಿ ಕೆಳಮನೆ ಸದಸ್ಯರು ತೆಗೆದುಕೊಂಡರು. ಗವರ್ನರ್ ಬ್ಯಾಶ್‌ಫರ್ಡ್ ಪಾಲಿಗೆ 50,000 ಡಾಲರ್ ಮುಖಬೆಲೆಯ ಬಾಂಡುಗಳು ಬಂದವು. 1858ರಲ್ಲಿ ಶಾಸನಸಭೆಯ ತನಿಖಾ ಸಮಿತಿಯೇ ಇದನ್ನೆಲ್ಲ ಬಯಲಿಗೆ ತಂದಿತು. ಲಂಚ ಬೇಡ ಅಂದವರೂ ಇದ್ದರು. ಸೆನೆಟರ್ ಅಮಾಸಾ ಕಾಬ್ ಕೈಚಾಚದೆ ನಿಂತು, ತನಗೆ ಆಮಿಷ ಒಡ್ಡಿದ್ದನ್ನು ಸಮಿತಿಯ ಮುಂದೆ ಹೇಳಿದ. ಆದರೆ ಅಂಥವರು ಕಡಿಮೆ. ಆ ವರ್ಷಗಳಲ್ಲಿ ವಿಸ್ಕಾನ್ಸಿನ್‌ನ ಸುಮಾರು 6,000 ರೈತರು ಹೊಲ ಅಡವಿಟ್ಟು ರೈಲು ಕಂಪನಿಗಳ ಷೇರು ಕೊಂಡಿದ್ದರು. ರೈಲು ಬಂದರೆ ಬೆಳೆಗೆ ಬೆಲೆ ಬರುತ್ತದೆ ಅನ್ನುವ ಆಸೆಯಿಂದ. 1857ರ ಹಣಕಾಸಿನ ಕುಸಿತದಲ್ಲಿ ಕಂಪನಿಗಳು ಮುಳುಗಿದವು. ರೈತರ ಕೈಯಲ್ಲಿ ಬೆಲೆಯಿಲ್ಲದ ಷೇರು ಉಳಿಯಿತು, ತಲೆ ಮೇಲೆ ಸಾಲ ಉಳಿಯಿತು. ಬ್ಯಾಶ್‌ಫರ್ಡ್ ರಾಜ್ಯ ಬಿಟ್ಟು ಹೋದ. ಅರಿಜೋನಾ ಪ್ರಾಂತ್ಯದಲ್ಲಿ ಹೊಸದಾಗಿ ರಾಜಕೀಯ ಶುರು ಮಾಡಿ, ಅಲ್ಲಿನ ಮೊದಲ ಅಟಾರ್ನಿ ಜನರಲ್ ಆದ. ಬಾರ್‌ಸ್ಟೋ ಅಂತರ್ಯುದ್ಧದಲ್ಲಿ ಉತ್ತರದ ಪರ ಅಶ್ವದಳದ ಕರ್ನಲ್ ಆಗಿ ದುಡಿದು 1865ರಲ್ಲಿ ತೀರಿಕೊಂಡ.

ಹಾಗಾದರೆ ಕೋರ್ಟು ಅಷ್ಟು ಕಷ್ಟಪಟ್ಟು ಕೊಡಿಸಿದ್ದು ಏನು? ಈ ಪ್ರಶ್ನೆ ನನ್ನನ್ನು ತುಂಬಾ ದಿನ ಕಾಡಿತು. ಬಾರ್‌ಸ್ಟೋನನ್ನೇ ಉಳಿಸಿದ್ದರೂ ರೈಲಿನವರು ಬಾಂಡು ಹಂಚುತ್ತಿದ್ದರೇನೋ, ಏನು ವ್ಯತ್ಯಾಸ ಅಂತ ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಎಲ್ಲರೂ ಒಂದೇ ಬಿಡಿ ಸಾರ್ ಅನ್ನುವ ಮಾತು ಸ್ಟಾಫ್ ರೂಮಿನಲ್ಲಿ ತುಂಬಾ ಸುಲಭವಾಗಿ ಬರುತ್ತದೆ. ನಾನು ಒಪ್ಪುವುದಿಲ್ಲ. ಕೋರ್ಟಿನ ಮುಂದಿದ್ದ ಪ್ರಶ್ನೆ ಯಾರು ಒಳ್ಳೆಯವನು ಅನ್ನುವುದಲ್ಲ. ಜನ ಯಾರ ಹೆಸರಿನ ಚೀಟಿ ಹಾಕಿದರು ಅನ್ನುವುದು. ಒಳ್ಳೆಯವನೆಂದು ತನಗೆ ಅನ್ನಿಸಿದವನಿಗೆ ಕುರ್ಚಿ ಕೊಡುವ ಕೋರ್ಟು ನಾಳೆ ಯಾರಿಗೆ ಬೇಕಾದರೂ ಕೊಟ್ಟೀತು. ತಪ್ಪು ಮನುಷ್ಯನನ್ನು ಆರಿಸುವುದೂ ಜನರ ಹಕ್ಕಿನೊಳಗೇ ಇದೆ. ಲೆಕ್ಕ ಸರಿಯಿದ್ದರೆ ಮುಂದಿನ ಸಲ ಅವನನ್ನು ಇಳಿಸಬಹುದು. ಲೆಕ್ಕವೇ ಸುಳ್ಳಾದರೆ ಇಳಿಸುವ ದಾರಿಯೂ ಹೋಯಿತು. ಬ್ಯಾಶ್‌ಫರ್ಡ್‌ನ ಬಣ್ಣ ಬಯಲು ಮಾಡಿದ್ದು ಕೂಡ ಜನ ಆರಿಸಿ ಕಳಿಸಿದ ಮುಂದಿನ ಶಾಸನಸಭೆಯೇ ಅಲ್ವಾ.

ಪಟ್ಟಿಯಲ್ಲಿ ಇಲ್ಲದವರು

ಡ್ಯೂಟಿಯ ಅದೇ ದಿನ ಮಧ್ಯಾಹ್ನ ಒಬ್ಬ ಹೆಂಗಸು ಬಂದಿದ್ದರು. ಕೂಲಿ ಕೆಲಸ ಬಿಟ್ಟು ಬಂದವರು, ಸೀರೆಯ ಅಂಚಿಗೆ ಮಣ್ಣು ಮೆತ್ತಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಸುತ್ತಿದ್ದ ವೋಟರ್ ಕಾರ್ಡ್ ಕೊಟ್ಟರು. ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಹಿಂದೆ ಮುಂದೆ ಪುಟ ತಿರುಗಿಸಿ ನೋಡಿದೆವು. ಇಲ್ಲ. "ಹೋದ್ ಸಲ ಇಲ್ಲೇ ಹಾಕಿದ್ನಲ್ಲಾ ಸಾ" ಅಂದರು. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಮತ ಹಾಕಲು ಬಿಡುವ ಅಧಿಕಾರ ನನಗಿರಲಿಲ್ಲ. ಹಾಗೇ ಹೇಳಿದೆ. ಅವರು ಜಗಳವಾಡಲಿಲ್ಲ. ಕಾರ್ಡನ್ನು ಮತ್ತೆ ಕವರಿಗೆ ಹಾಕಿ, "ನಾನು ಇದೀನಲ್ಲಾ ಸಾ" ಅಂತ ಒಂದೇ ಮಾತು ಹೇಳಿ ಹೋದರು. ಸಂಜೆ ಆ ಹಿರಿಯ ಏಜೆಂಟರ ಗೀಟಿಗೂ ನಮ್ಮ ಮಷೀನಿಗೂ ಲೆಕ್ಕ ಸರಿಯಾಗಿ ತಾಳೆಯಾಯಿತು. ಆ ಲೆಕ್ಕದಲ್ಲಿ ಆಕೆ ಇರಲಿಲ್ಲ.

ವಿಸ್ಕಾನ್ಸಿನ್‌ನ ಹಿಂದಿನ ವರ್ಷಗಳನ್ನು ಓದುವಾಗ ಈ ಹೆಂಗಸು ನನ್ನ ಕಣ್ಣ ಮುಂದೆ ಬಂದದ್ದಕ್ಕೆ ಕಾರಣವಿದೆ. 1849ರಲ್ಲಿ ಆ ರಾಜ್ಯದಲ್ಲಿ ಒಂದು ಜನಮತ ನಡೆಯಿತು. ಕಪ್ಪು ಜನಾಂಗದ ಗಂಡಸರಿಗೂ ಮತದಾನದ ಹಕ್ಕು ಕೊಡಬೇಕೇ ಅನ್ನುವುದು ಪ್ರಶ್ನೆ. ಹೌದು ಅಂದವರು 5,265. ಬೇಡ ಅಂದವರು 4,075. ಗೆದ್ದ ಹಾಗೆ ಅಲ್ವಾ? ಆದರೆ ಅದೇ ದಿನ ಬೇರೆ ಹುದ್ದೆಗಳಿಗೂ ಚುನಾವಣೆ ಇತ್ತು. ಒಟ್ಟು ಮತ ಹಾಕಿದವರು 31,000ಕ್ಕೂ ಜಾಸ್ತಿ. ಎಷ್ಟೋ ಜನ ಈ ಪ್ರಶ್ನೆಯನ್ನು ಮುಟ್ಟಿರಲೇ ಇಲ್ಲ. ಚುನಾವಣೆಗೆ ಬಂದವರೆಲ್ಲರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೌದು ಅಂದಿಲ್ಲ, ಆದ್ದರಿಂದ ಬಿದ್ದುಹೋಯಿತು ಅಂತ ಅಧಿಕಾರದಲ್ಲಿದ್ದವರು ತೀರ್ಮಾನಿಸಿದರು. ಸುಮ್ಮನಿದ್ದವರನ್ನೆಲ್ಲ ಬೇಡ ಅಂದವರ ಪಕ್ಕಕ್ಕೆ ಸೇರಿಸಿದ ಲೆಕ್ಕ ಇದು.

1865ರಲ್ಲಿ ಮಿಲ್ವಾಕಿಯಲ್ಲಿ ಎಜೀಕಿಯಲ್ ಗಿಲೆಸ್ಪಿ ಅನ್ನುವವರು ಮತ ಹಾಕಲು ಹೋದರು. ಗುಲಾಮಗಿರಿಯಲ್ಲಿ ಹುಟ್ಟಿ, ಅದರಿಂದ ಹೊರಬಂದು ಮಿಲ್ವಾಕಿಯಲ್ಲಿ ಬದುಕು ಕಟ್ಟಿಕೊಂಡವರು. ಅಧಿಕಾರಿಗಳು ಅವರ ಮತ ತೆಗೆದುಕೊಳ್ಳಲಿಲ್ಲ. ಅವರು ಕೋರ್ಟಿಗೆ ಹೋದರು. ವಕೀಲ ಬೈರನ್ ಪೇನ್. ಓಡಿಬಂದ ಗುಲಾಮ ಜೋಶುವಾ ಗ್ಲೋವರ್‌ನನ್ನು ಜೈಲಿನಿಂದ ಬಿಡಿಸಿದ್ದಕ್ಕೆ ಸಿಕ್ಕಿಬಿದ್ದಿದ್ದ ಶೆರ್ಮನ್ ಬೂತ್ ಪರವಾಗಿ ಹತ್ತು ವರ್ಷ ಹಿಂದೆ ವಾದಿಸಿದ್ದ ಅದೇ ಪೇನ್. 1866ರಲ್ಲಿ ವಿಸ್ಕಾನ್ಸಿನ್ ಸುಪ್ರೀಂ ಕೋರ್ಟ್ ಹೇಳಿತು: ಆ ಪ್ರಶ್ನೆಗೆ ಬಿದ್ದ ಮತಗಳಲ್ಲಿ ಬಹುಮತ ಬಂದರೆ ಸಾಕಿತ್ತು. 1849ರಲ್ಲಿ ಅದು ಗೆದ್ದಿತ್ತು. ಅಂದರೆ ಹದಿನೇಳು ವರ್ಷ ಕಪ್ಪು ಜನಾಂಗದ ಗಂಡಸರಿಗೆ ಮತದಾನದ ಹಕ್ಕು ಕಾನೂನಿನ ಪ್ರಕಾರ ಇತ್ತು. ಯಾರೂ ಅವರಿಗೆ ಹೇಳಲಿಲ್ಲ, ಬಂದರೆ ಒಳಗೆ ಬಿಡಲಿಲ್ಲ. ನಡುವೆ 1857ರಲ್ಲಿ, 1865ರಲ್ಲಿ ಮತ್ತೆ ಜನಮತ ಕೇಳಿ, ಎರಡು ಸಲವೂ ಬೇಡ ಅನ್ನಿಸಿಕೊಂಡಿದ್ದೂ ಆಗಿತ್ತು. ಇದ್ದ ಹಕ್ಕನ್ನೇ ಮತ್ತೆ ಮತ್ತೆ ಬೇಡುವಂತೆ ಮಾಡಿದ್ದರು.

ಈಗ 1855ರ ನವೆಂಬರ್ 6ಕ್ಕೆ ವಾಪಸ್ಸು ಹೋಗಿ ನೋಡಿ. ಸ್ಪ್ರಿಂಗ್ ಕ್ರೀಕ್‌ನಲ್ಲಿ ಇಲ್ಲದ ಮನುಷ್ಯರು ಮತ ಹಾಕಿದ್ದರು. ಮಿಲ್ವಾಕಿಯಲ್ಲಿ ಇದ್ದ ಮನುಷ್ಯರು, ಹಕ್ಕಿದ್ದ ಮನುಷ್ಯರು, ಹಾಕುವಂತಿರಲಿಲ್ಲ. ಮೊದಲನೆಯದನ್ನು ಸರಿಪಡಿಸಲು ರಾಜ್ಯದ ದೊಡ್ಡ ವಕೀಲರೆಲ್ಲ ಸೇರಿದರು, ಶೆರೀಫ್ ಬಂದ, ಮೂರು ತಿಂಗಳೊಳಗೆ ನ್ಯಾಯ ಸಿಕ್ಕಿತು. ಎರಡನೆಯದು 1856ರ ಆ ಕೋರ್ಟಿನಲ್ಲಿ ಪ್ರಶ್ನೆಯಾಗಿಯೇ ಬರಲಿಲ್ಲ. ಬಾರ್‌ಸ್ಟೋ ಕಡೆಯವರಿಗೂ ಅದು ಬೇಕಿರಲಿಲ್ಲ. ಗುಲಾಮಗಿರಿಯ ವಿರುದ್ಧ ಹುಟ್ಟಿದ ಪಕ್ಷದ ವಕೀಲರೂ ಅದನ್ನು ಎತ್ತಲಿಲ್ಲ. ಆ ಗಂಡಸರ ಸಂಖ್ಯೆ ಜಾಸ್ತಿ ಇರಲಿಲ್ಲ, ಇಡೀ ರಾಜ್ಯದಲ್ಲಿ ಕೆಲವು ನೂರು. ಆದರೆ 157ರ ಅಂತರಕ್ಕಾಗಿ ರಾಜ್ಯವೇ ಬಂದೂಕು ಹಿಡಿಯಲು ಸಿದ್ಧವಾಗಿದ್ದ ಹೊತ್ತಿನಲ್ಲಿ ಕೆಲವು ನೂರು ಅಂದರೆ ಸಣ್ಣ ಸಂಖ್ಯೆ ಹೇಗಾಗುತ್ತದೆ? ಬ್ಯಾಶ್‌ಫರ್ಡ್ ತೀರ್ಪನ್ನು ನಾನು ಈಗಲೂ ಮೆಚ್ಚುತ್ತೇನೆ. ಆದರೆ ಅದನ್ನು ಪೂರ್ತಿ ಎಣಿಕೆ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

1856ರಲ್ಲಿ ಆ ಪೀಠದಲ್ಲಿ ಕೂತಿದ್ದ ಮೂವರಲ್ಲಿ ಆರ್ಸಮಸ್ ಕೋಲ್ ಎಲ್ಲರಿಗಿಂತ ಕಿರಿಯರು, ಕೋರ್ಟಿಗೆ ಬಂದು ವರ್ಷವೂ ಆಗಿರಲಿಲ್ಲ. ಹತ್ತು ವರ್ಷದ ನಂತರ ಗಿಲೆಸ್ಪಿ ಪ್ರಕರಣ ಬಂದಾಗಲೂ ಅವರು ಅದೇ ಪೀಠದಲ್ಲಿದ್ದರು. 1856ರಲ್ಲಿ ಒಂದೊಂದೇ ಹಾಳೆ ತಿರುವಿ ಸುಳ್ಳು ಮತಗಳನ್ನು ಹೊರಹಾಕಿದ ಕೈ, 1866ರಲ್ಲಿ 1849ರ ಅಂಕಿಗಳನ್ನು ಮುಂದಿಟ್ಟುಕೊಂಡು ನೋಡಿತು. 5,265 ಮತ್ತು 4,075. ಅಂಕಿಗಳು ಬದಲಾಗಿರಲಿಲ್ಲ. ಅವು ಮೊದಲ ದಿನದಿಂದಲೂ ಮ್ಯಾಡಿಸನ್‌ನ ಸರ್ಕಾರಿ ಕಡತದಲ್ಲೇ ಇದ್ದವು. ಗಿಲೆಸ್ಪಿ ಮತಗಟ್ಟೆಯ ಬಾಗಿಲಿಗೆ ಹೋಗಿ ನಿಂತು, ಇಲ್ಲ ಅನ್ನಿಸಿಕೊಂಡು, ಕೋರ್ಟಿಗೆ ನಡೆಯುವ ತನಕ ಅವನ್ನು ಸರಿಯಾಗಿ ಓದಿ ಅಂತ ಆ ರಾಜ್ಯದಲ್ಲಿ ಯಾವ ಅಧಿಕಾರಿಯೂ ಹೇಳಿರಲಿಲ್ಲ.